ಪ್ರೊಜೆಕ್ಟರ್ ಹತ್ತದಿದ್ದರೆ ದೋಷ ಎಲ್ಲಿ? ಮನೆಯಲ್ಲೇ ಪರೀಕ್ಷಿಸುವ ಬಗೆ

ರಾಯಚೂರು: ಕ್ರಿಕೆಟ್ ಪಂದ್ಯದ ಸಂಜೆ. ಅಂಗಳದ ಗೋಡೆಗೆ ಬಿಳಿ ಪಂಚೆ ಕಟ್ಟಿಯಾಗಿದೆ, ನೆರೆಹೊರೆಯವರು ಬಂದು ಕುಳಿತಿದ್ದಾರೆ. ಅಷ್ಟರಲ್ಲಿ ವಿದ್ಯುತ್ ಹೋಗಿ ಮರಳುತ್ತದೆ. ಬಲ್ಬು, ಫ್ಯಾನು ಎಲ್ಲವೂ ನಡೆಯುತ್ತವೆ; ಪ್ರೊಜೆಕ್ಟರ್ ಮಾತ್ರ ಮೌನ. ಗುಂಡಿ ಒತ್ತಿದರೂ ಒಂದು ದೀಪವೂ ಮಿನುಗುವುದಿಲ್ಲ.

ರಾಯಚೂರು ತಾಲ್ಲೂಕಿನ ಗಿಲ್ಲೆಸುಗೂರು ಹೋಬಳಿಯ ಹಳ್ಳಿಗಳಲ್ಲಾಗಲಿ, ದೇವದುರ್ಗ, ಮಾನ್ವಿಗಳಲ್ಲಾಗಲಿ ಇಂಥ ಸಂಜೆ ಅಪರೂಪವಲ್ಲ. 1985ರಲ್ಲಿ ಶಕ್ತಿನಗರದ ಶಾಖೋತ್ಪನ್ನ ಕೇಂದ್ರದ ಮೊದಲ ಘಟಕ ಆರಂಭವಾದಂದಿನಿಂದ ನಾಡಿಗೆ ಬೆಳಕು ಕಳುಹಿಸುತ್ತಿರುವ ಜಿಲ್ಲೆ ಇದು. ಆದರೆ ವಿದ್ಯುತ್ ಎಲ್ಲಿ ಹುಟ್ಟುತ್ತದೆ ಎಂಬುದಕ್ಕಿಂತ ಮನೆಯ ಪ್ಲಗ್‌ಗೆ ಅದು ಯಾವ ಸ್ಥಿತಿಯಲ್ಲಿ ತಲುಪುತ್ತದೆ ಎಂಬುದೇ ಯಂತ್ರಕ್ಕೆ ಮುಖ್ಯ. ಆ ಏರಿಳಿತದ ಮೊದಲ ಪೆಟ್ಟು ಬೀಳುವುದು ಪ್ರೊಜೆಕ್ಟರ್‌ನ ಪವರ್ ಸಪ್ಲೈ ಮೇಲೆ. ದೋಷವನ್ನು ಗುರುತಿಸಬಲ್ಲವರಿಗೆ ದುರಸ್ತಿಯ ಖರ್ಚು ಉಳಿದೀತು. ಗುರುತಿಸುವ ಭರದಲ್ಲಿ ಎಡವಿದರೆ ಪ್ರಾಣಕ್ಕೇ ಸಂಚಕಾರ.

ಒಳಗೆ ನಡೆಯುವುದೇನು?

ಮನೆಗೆ ಬರುವುದು 230 ವೋಲ್ಟ್‌ನ ಪರ್ಯಾಯ ವಿದ್ಯುತ್. ಪ್ರೊಜೆಕ್ಟರ್‌ನ ಒಳಗೆ ಅದು ಮೊದಲು ಫ್ಯೂಸ್ ದಾಟಿ, ಬ್ರಿಜ್ ರೆಕ್ಟಿಫೈಯರ್ ಎಂಬ ಭಾಗದಲ್ಲಿ ನೇರ ವಿದ್ಯುತ್ತಾಗಿ ಮಾರ್ಪಡುತ್ತದೆ. ಆಗ ಅದರ ಮಟ್ಟ ಸುಮಾರು 325 ವೋಲ್ಟ್. ಈ ವಿದ್ಯುತ್ತನ್ನು ದೊಡ್ಡದೊಂದು ಕೆಪಾಸಿಟರ್ ಹಿಡಿದಿಟ್ಟುಕೊಳ್ಳುತ್ತದೆ. ನಂತರ ವೇಗವಾಗಿ ಹತ್ತಿ ಆರುವ ಸ್ವಿಚಿಂಗ್ ಟ್ರಾನ್ಸಿಸ್ಟರ್ ಮತ್ತು ಪುಟ್ಟ ಟ್ರಾನ್ಸ್‌ಫಾರ್ಮರ್ ಸೇರಿ ಅದನ್ನು 12 ವೋಲ್ಟ್, 5 ವೋಲ್ಟ್ ಮುಂತಾದ ಸಣ್ಣ ಮಟ್ಟಗಳಿಗೆ ಇಳಿಸುತ್ತವೆ. ಟಿ.ವಿ. ಮತ್ತು ಕಂಪ್ಯೂಟರ್‌ಗಳಲ್ಲೂ ಇರುವ ಈ ವ್ಯವಸ್ಥೆಗೆ ಎಸ್‌ಎಂಪಿಎಸ್ ಎಂದು ಹೆಸರು.

ಪಾದರಸದ ಲ್ಯಾಂಪ್ ಇರುವ ಪ್ರೊಜೆಕ್ಟರ್‌ಗಳಲ್ಲಿ ಇದರ ಜೊತೆಗೆ ಬ್ಯಾಲಾಸ್ಟ್ ಎಂಬ ಪ್ರತ್ಯೇಕ ಬೋರ್ಡ್ ಇರುತ್ತದೆ. ಲ್ಯಾಂಪ್ ಹೊತ್ತಿಸುವ ಕ್ಷಣದಲ್ಲಿ ಅದು ಸಾವಿರಾರು ವೋಲ್ಟ್ ಹೊಮ್ಮಿಸುತ್ತದೆ. ಎಲ್‌ಇಡಿ ಪ್ರೊಜೆಕ್ಟರ್‌ಗಳಲ್ಲಿ ಈ ಭಾಗವಿಲ್ಲ.

ಮೊದಲು ಲಕ್ಷಣ ಗಮನಿಸಿ

ಸ್ಕ್ರೂಡ್ರೈವರ್ ಹುಡುಕುವ ಮುನ್ನ ಪ್ಲಗ್ ಪರೀಕ್ಷಿಸಿ. ಅದೇ ಸಾಕೆಟ್‌ಗೆ ಬೇರೊಂದು ಉಪಕರಣ ಹಾಕಿ ನೋಡಿ. ಎಕ್ಸ್‌ಟೆನ್ಷನ್ ಬೋರ್ಡ್ ಬಿಟ್ಟು ನೇರವಾಗಿ ಗೋಡೆಯ ಸಾಕೆಟ್‌ಗೆ ಜೋಡಿಸಿ. ಅನೇಕ ಪ್ರೊಜೆಕ್ಟರ್‌ಗಳಿಗೆ ಡೆಸ್ಕ್‌ಟಾಪ್ ಕಂಪ್ಯೂಟರ್‌ನ ಕೇಬಲ್ಲೇ ಹೊಂದುತ್ತದೆ. ಅದನ್ನು ಬದಲಿಸಿ ನೋಡಿದರೆ ಕೇಬಲ್ ದೋಷ ಇದೆಯೇ ಎಂಬುದು ಕೂಡಲೇ ತಿಳಿಯುತ್ತದೆ. ಬಳಿಕ ಪ್ಲಗ್ ಕಿತ್ತು ಹತ್ತು ನಿಮಿಷ ಬಿಟ್ಟು ಮತ್ತೆ ಹಾಕಿ. ರಕ್ಷಣಾ ವ್ಯವಸ್ಥೆ ತಡೆಹಿಡಿದಿದ್ದರೆ ಕೆಲವೊಮ್ಮೆ ಇಷ್ಟರಿಂದಲೇ ಯಂತ್ರ ಎಚ್ಚರಗೊಳ್ಳುತ್ತದೆ.

ಆಮೇಲೂ ಹತ್ತದಿದ್ದರೆ ಲಕ್ಷಣವೇ ದಾರಿ ತೋರುತ್ತದೆ:

* ಒಂದು ದೀಪವೂ ಇಲ್ಲ, ಸದ್ದೂ ಇಲ್ಲ ಎಂದರೆ ಫ್ಯೂಸ್ ಅಥವಾ ಪವರ್ ಸಪ್ಲೈ ಮೇಲೆ ಮೊದಲ ಅನುಮಾನ.
* ಸ್ಟ್ಯಾಂಡ್‌ಬೈ ದೀಪ ಉರಿಯುತ್ತಿದ್ದು ಯಂತ್ರ ಆರಂಭವಾಗದಿದ್ದರೆ ಪವರ್ ಸಪ್ಲೈ ಭಾಗಶಃವಾದರೂ ಜೀವಂತ. ಲ್ಯಾಂಪ್, ಬ್ಯಾಲಾಸ್ಟ್, ಫ್ಯಾನ್ ಅಥವಾ ಲ್ಯಾಂಪ್ ಮುಚ್ಚಳದ ಸುರಕ್ಷತಾ ಸ್ವಿಚ್ ಕಾರಣವಿರಬಹುದು.
* ದೀಪ ಮಿನುಗುತ್ತ ಟಿಕ್ ಟಿಕ್ ಸದ್ದು ಬರುತ್ತಿದ್ದರೆ ಪವರ್ ಸಪ್ಲೈ ಏಳಲು ಯತ್ನಿಸಿ ಸೋಲುತ್ತಿದೆ. ಸೊರಗಿದ ಕೆಪಾಸಿಟರ್ ಅಥವಾ ಮುಂದಿನ ಭಾಗದ ಶಾರ್ಟ್ ಸರ್ಕ್ಯೂಟ್ ಇದರ ಹಿಂದಿರುತ್ತದೆ.
* ಕೆಲವು ನಿಮಿಷ ನಡೆದು ಆರಿದರೆ ಮೊದಲು ಗಾಳಿಯ ಫಿಲ್ಟರ್ ನೋಡಿ. ಧೂಳಿನಿಂದ ಕಟ್ಟಿಕೊಂಡ ಫಿಲ್ಟರ್ ಸ್ವಚ್ಛಗೊಳಿಸಿದರೆ ಸಮಸ್ಯೆ ಅಲ್ಲೇ ಮುಗಿಯಬಹುದು.

ಸಣ್ಣ ಎಲ್‌ಇಡಿ ಪ್ರೊಜೆಕ್ಟರ್‌ಗಳಿಗೆ ಲ್ಯಾಪ್‌ಟಾಪ್‌ಗಿರುವಂತೆ ಹೊರಗಡೆ ಅಡಾಪ್ಟರ್ ಇದ್ದರೆ ಕೆಲಸ ಸುಲಭ. ಮಲ್ಟಿಮೀಟರ್‌ನಿಂದ ಅದರ ಹೊರಹರಿವು ಅಳೆದು, ಮೇಲೆ ಮುದ್ರಿಸಿದ ವೋಲ್ಟ್‌ಗೆ ಹೋಲಿಸಿ. ಆದರೆ ಖಾಲಿ ಇದ್ದಾಗ ಸರಿಯಾಗಿ ತೋರುವ ಅಡಾಪ್ಟರ್ ಹೊರೆ ಬಿದ್ದೊಡನೆ ಕುಸಿಯಬಹುದು. ಹೊಸದನ್ನು ಕೊಳ್ಳುವಾಗ ವೋಲ್ಟ್ ಅಷ್ಟೇ ಇರಬೇಕು, ಆಂಪಿಯರ್ ಅಷ್ಟೇ ಅಥವಾ ಹೆಚ್ಚಿರಬೇಕು, ಪಿನ್‌ನ ಧನ-ಋಣ ದಿಕ್ಕು ಹೊಂದಬೇಕು.

ಕೆಟ್ಟ ಯಂತ್ರವೇ ಹೆಚ್ಚು ಅಪಾಯ

ಪ್ಲಗ್ ಕಿತ್ತ ಮೇಲೆ ಭಯವಿಲ್ಲ ಎಂಬುದು ತಪ್ಪು ತಿಳಿವಳಿಕೆ. ಸರಿಯಾಗಿರುವ ಯಂತ್ರದಲ್ಲಿ ಕೆಪಾಸಿಟರ್‌ನ ಸಂಗ್ರಹವನ್ನು ಮುಂದಿನ ಭಾಗಗಳು ಬೇಗನೆ ಖರ್ಚು ಮಾಡುತ್ತವೆ. ಕೆಟ್ಟ ಯಂತ್ರದಲ್ಲಿ ಖರ್ಚು ಮಾಡುವವರೇ ಇಲ್ಲ. ಹಾಗಾಗಿ 325 ವೋಲ್ಟ್ ಅಥವಾ ಇನ್ನೂ ಹೆಚ್ಚಿನ ವಿದ್ಯುತ್ ಬಹಳ ಹೊತ್ತು ಅಲ್ಲೇ ಉಳಿಯಬಹುದು. 150 ಮೈಕ್ರೋಫ್ಯಾರಡ್‌ನ ಕೆಪಾಸಿಟರ್‌ನಲ್ಲಿ ಆಗ ಸುಮಾರು 8 ಜೂಲ್ ಶಕ್ತಿ ಕುಳಿತಿರುತ್ತದೆ. ಎರಡೂ ಕೈ ತಾಗಿದರೆ ಅದು ಎದೆಯ ಮೂಲಕವೇ ಹರಿಯುತ್ತದೆ.

ಆದ್ದರಿಂದ ವಿದ್ಯುತ್ ಕೆಲಸದ ಅನುಭವವಿಲ್ಲದವರು ಮುಚ್ಚಳ ತೆರೆಯಲೇಬಾರದು. ಅನುಭವವಿದ್ದವರೂ ಪ್ಲಗ್ ಕಿತ್ತು ಕಾಯಬೇಕು, ಮಲ್ಟಿಮೀಟರನ್ನು 1000 ವೋಲ್ಟ್ ನೇರ ವಿದ್ಯುತ್ತಿನ ಹಂತದಲ್ಲಿಟ್ಟು ಕೆಪಾಸಿಟರ್ ಅಳೆಯಬೇಕು. ಅಂಕಿ ಶೂನ್ಯದ ಸಮೀಪ ಬಂದ ಮೇಲಷ್ಟೇ ಕೈ ಹಾಕಬೇಕು. ಸ್ಕ್ರೂಡ್ರೈವರ್ ತಾಗಿಸಿ ಕಿಡಿ ಹಾರಿಸುವ ರೂಢಿ ಬೇಡ. ಅದಕ್ಕಾಗಿ ಹೆಚ್ಚು ವ್ಯಾಟ್‌ನ ರೆಸಿಸ್ಟರ್ ಬಳಸುವುದೇ ಕ್ರಮ. ಪ್ಲಗ್ ಹಾಕಿಟ್ಟು ಒಳಗೆ ಅಳೆಯುವುದು, ಬ್ಯಾಲಾಸ್ಟ್ ಬಿಚ್ಚುವುದು ಮನೆಯ ಕೆಲಸಗಳಲ್ಲ.

ಫ್ಯೂಸ್ ಹೇಳುವ ಕಥೆ

ಗಾಜಿನ ಫ್ಯೂಸ್ ಒಳಗೆ ಕಪ್ಪಾಗಿ, ಬೆಳ್ಳಿಯಂತೆ ಹರಡಿಕೊಂಡಿದ್ದರೆ ಭಾರೀ ಶಾರ್ಟ್ ಆಗಿದೆ ಎಂದರ್ಥ. ವ್ಯಾರಿಸ್ಟರ್, ಬ್ರಿಜ್ ರೆಕ್ಟಿಫೈಯರ್ ಅಥವಾ ಸ್ವಿಚಿಂಗ್ ಟ್ರಾನ್ಸಿಸ್ಟರ್ ಸುಟ್ಟಿರುವ ಸಾಧ್ಯತೆ ಹೆಚ್ಚು. ಅವುಗಳನ್ನು ಪರೀಕ್ಷಿಸದೆ ಹೊಸ ಫ್ಯೂಸ್ ಹಾಕಿದರೆ ಅದೂ ಹೋಗುತ್ತದೆ. ಫ್ಯೂಸ್ ಬದಲಿಗೆ ತಂತಿ ಸುತ್ತುವುದಂತೂ ಬೆಂಕಿಗೆ ಆಹ್ವಾನ. ದುರಸ್ತಿಯ ನಂತರ ನುರಿತ ಮೆಕ್ಯಾನಿಕ್‌ಗಳು ಸೀರೀಸ್ ಬಲ್ಬ್ ಮೂಲಕ ಮೊದಲ ಬಾರಿ ವಿದ್ಯುತ್ ಕೊಡುವುದು ಇದೇ ಕಾರಣಕ್ಕೆ. ಶಾರ್ಟ್ ಉಳಿದಿದ್ದರೆ ಬಲ್ಬ್ ಪ್ರಖರವಾಗಿ ಉರಿದು ಎಚ್ಚರಿಸುತ್ತದೆ, ಬೋರ್ಡ್ ಉಳಿಯುತ್ತದೆ.

ಫ್ಯೂಸ್ ಸರಿಯಿದ್ದರೆ ಕೆಪಾಸಿಟರ್‌ಗಳತ್ತ ನೋಡಿ. ತಲೆ ಉಬ್ಬಿದ, ಬುಡದಲ್ಲಿ ಕಂದು ದ್ರವ ಒಸರಿದ ಕೆಪಾಸಿಟರ್ ಸತ್ತಂತೆಯೇ. ಬದಲಿಸುವಾಗ ಮೈಕ್ರೋಫ್ಯಾರಡ್ ಅಷ್ಟೇ, ವೋಲ್ಟ್ ಅಷ್ಟೇ ಅಥವಾ ಹೆಚ್ಚು, ತಾಪಮಾನ 105 ಡಿಗ್ರಿಯದ್ದೇ ಆಗಿರಲಿ. ಧನ-ಋಣ ತುದಿ ಅದಲು ಬದಲಾದರೆ ಅದು ಸಿಡಿಯಬಹುದು.

ಬಿಸಿಲ ನಾಡಿನ ವಿಶೇಷ ಕಾರಣ

ಕೆಪಾಸಿಟರ್‌ನ ಒಳಗಿನ ದ್ರವ ಶಾಖಕ್ಕೆ ಆರುತ್ತದೆ. ತಾಪಮಾನ 10 ಡಿಗ್ರಿ ಏರಿದರೆ ಅದರ ಆಯುಷ್ಯ ಅರ್ಧವಾಗುತ್ತದೆ ಎಂಬುದು ತಂತ್ರಜ್ಞರ ಸ್ಥೂಲ ಲೆಕ್ಕ. ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ರಾಯಚೂರು ಸೀಮೆಯಲ್ಲಿ ಈ ಲೆಕ್ಕ ಕಹಿಯಾಗಿಯೇ ನಿಜ. ಅದರಲ್ಲೂ ಕಾದ ತಾರಸಿಯ ಕೆಳಗೆ, ಬಿಸಿಗಾಳಿ ನಿಲ್ಲುವ ಎತ್ತರದಲ್ಲೇ ಪ್ರೊಜೆಕ್ಟರ್ ತೂಗುಹಾಕುತ್ತೇವೆ. ಒಂದೆರಡು ಅಡಿ ಇಳಿಸಿ, ಸುತ್ತ ಗಾಳಿಯಾಡಲು ಬಿಟ್ಟರೆ ಖರ್ಚಿಲ್ಲದೆ ಆಯುಷ್ಯ ಹೆಚ್ಚುತ್ತದೆ.

ಇನ್ನೊಂದು ಶತ್ರು ನ್ಯೂಟ್ರಲ್ ದೋಷ. ಮೂರು ಫೇಸ್ ಲೈನಿನಲ್ಲಿ ನ್ಯೂಟ್ರಲ್ ತಂತಿ ಕಡಿದರೆ ಕೆಲವು ಮನೆಗಳಿಗೆ 400 ವೋಲ್ಟ್ ಸಮೀಪದವರೆಗೂ ನುಗ್ಗಬಹುದು. ಬಲ್ಬುಗಳು ಏಕಾಏಕಿ ಪ್ರಖರವಾಗಿ, ಫ್ಯಾನ್ ವೇಗ ಹೆಚ್ಚಿದರೆ ತಕ್ಷಣ ಮೇನ್ ಸ್ವಿಚ್ ಇಳಿಸಿ, ಜೆಸ್ಕಾಂನ 1912 ಸಂಖ್ಯೆಗೆ ತಿಳಿಸಿ. ಪ್ರೊಜೆಕ್ಟರ್ ಒಂದೇ ಅಲ್ಲ, ಬೀದಿಯ ಇಡೀ ಸಾಲಿನ ಟಿ.ವಿ., ಫ್ರಿಜ್‌ಗಳೂ ಅಪಾಯದಲ್ಲಿರುತ್ತವೆ.

ಮುನ್ನೆಚ್ಚರಿಕೆ

ಲ್ಯಾಂಪ್ ಪ್ರೊಜೆಕ್ಟರ್‌ಗೆ ಪುಟ್ಟ ಯುಪಿಎಸ್ ಅಥವಾ ಸೈನ್ ವೇವ್ ಇನ್ವರ್ಟರ್ ಇದ್ದರೆ ವಿದ್ಯುತ್ ಹೋದಾಗ ಫ್ಯಾನ್ ನಿಲ್ಲದೆ ಲ್ಯಾಂಪ್ ತಣಿಯುತ್ತದೆ. ಇಲ್ಲದವರು ವಿದ್ಯುತ್ ಹೋದೊಡನೆ ಪ್ಲಗ್ ಕಿತ್ತು, ಮರಳಿದ ಕೆಲವು ನಿಮಿಷಗಳ ನಂತರ ಹಾಕಲಿ. ಮೂರು ಪಿನ್‌ನ ಪ್ಲಗ್‌ನಲ್ಲಿ ಅರ್ಥಿಂಗ್ ಪಿನ್ ಮುರಿದು ಎರಡು ಪಿನ್ ಮಾಡಿಕೊಳ್ಳುವ ಚಾಳಿ ಬಿಡಬೇಕು.

ಅಂಗಡಿಗೆ ಒಯ್ಯಬೇಕಾಗಿ ಬಂದರೂ ಮೇಲಿನ ಪರೀಕ್ಷೆಗಳು ವ್ಯರ್ಥವಲ್ಲ. ಯಾವ ದೀಪ ಉರಿಯಿತು, ಎಷ್ಟು ಹೊತ್ತಿಗೆ ಆರಿತು, ಅದಕ್ಕೆ ಮುನ್ನ ವಿದ್ಯುತ್ ಏರಿಳಿದಿತ್ತೇ ಎಂಬುದನ್ನು ಚೀಟಿಯಲ್ಲಿ ಬರೆದುಕೊಡಿ. ಟಿ.ವಿ.ಯ ಎಸ್‌ಎಂಪಿಎಸ್ ಬಲ್ಲ ಮೆಕ್ಯಾನಿಕ್‌ಗೆ ಈ ಬೋರ್ಡ್ ಅಪರಿಚಿತವೇನಲ್ಲ. ಬದಲಿಸಿದ ಹಳೆಯ ಬಿಡಿಭಾಗವನ್ನು ಕೇಳಿ ಪಡೆಯಿರಿ. ಯಾವ ಭಾಗ ಹೋಗಿತ್ತು ಎಂದು ಗೊತ್ತಿದ್ದರೆ ಮುಂದಿನ ಸಲ ಹುಡುಕಾಟ ಅಲ್ಲಿಂದಲೇ ಶುರುವಾಗುತ್ತದೆ.