ಟ್ರೇಲರ್ ಖರೀದಿ: ಮೊದಲು ಹುಕ್ಕು, ನಂತರ ಬಾಡಿ

ಜಮಖಂಡಿ, ಮುಧೋಳ, ಬೀಳಗಿ ಮತ್ತು ರಬಕವಿ-ಬನಹಟ್ಟಿ ತಾಲ್ಲೂಕುಗಳಲ್ಲಿ ಕಬ್ಬು ನುರಿಸುವ ಹಂಗಾಮು ಸಮೀಪಿಸಿದಂತೆ ಟ್ರೇಲರ್‌ಗಳ ಖರೀದಿ ಮತ್ತು ದುರಸ್ತಿಯೂ ಭರದಿಂದ ಸಾಗುತ್ತದೆ. ಕೃಷ್ಣಾ ಮತ್ತು ಘಟಪ್ರಭಾ ದಂಡೆಯ ಕಬ್ಬು ಹಿರೇಪಡಸಲಗಿ, ಸಿದ್ದಾಪುರ, ಸಮೀರವಾಡಿ, ಉತ್ತೂರು, ಬಾಡಗಂಡಿ ಮೊದಲಾದೆಡೆಯ ಕಾರ್ಖಾನೆಗಳನ್ನು ತಲುಪುವಲ್ಲಿ ಟ್ರ್ಯಾಕ್ಟರಿನ ಪಾತ್ರ ದೊಡ್ಡದು. ಮಹಾಲಿಂಗಪುರದ ಪೇಟೆಗೆ ಬರುವ ಬೆಲ್ಲ, ಗ್ರಾಮಗಳಿಗೆ ಹೋಗುವ ಗೊಬ್ಬರ, ಇಟ್ಟಿಗೆ, ಮರಳು ಎಲ್ಲದಕ್ಕೂ ಅದೇ ವಾಹನ. ಆದುದರಿಂದ ಟ್ರೇಲರಿನ ಆಯ್ಕೆಯು ರೈತರಿಗೆ ಮಾತ್ರವಲ್ಲ, ಸಾಗಣೆ ಗುತ್ತಿಗೆದಾರರಿಗೆ, ವರ್ತಕರಿಗೆ ಹಾಗೂ ಟ್ರೇಲರ್ ಕಟ್ಟುವ ಸಣ್ಣ ಕೈಗಾರಿಕೆಗಳಿಗೂ ಸಂಬಂಧಿಸಿದ ವಿಷಯವಾಗಿದೆ.

ಟ್ರೇಲರ್ ಕೊಳ್ಳಲು ಬಂದ ಗಿರಾಕಿಯು ಸಾಮಾನ್ಯವಾಗಿ ಬಾಡಿ ಎಷ್ಟು ಅಡಿ, ತಗಡು ಎಷ್ಟು ದಪ್ಪ, ಟೈರು ಹೊಸದೋ ಹಳೆಯದೋ ಎಂದು ವಿಚಾರಿಸುತ್ತಾನೆ. ಹುಕ್ಕು ಯಾವುದು, ಬ್ರೇಕು ಉಂಟೇ ಎಂಬ ಪ್ರಶ್ನೆ ಬರುವುದು ವಿರಳ. ವಾಸ್ತವವಾಗಿ ತಗಡು ತೂತಾದರೆ ಬೆಸುಗೆ ಹಾಕಬಹುದು. ಇಳಿಜಾರಿನಲ್ಲಿ ಪಿನ್ ಕಳಚಿದರೆ ಸರಿಪಡಿಸುವುದಕ್ಕೆ ಏನೂ ಉಳಿಯುವುದಿಲ್ಲ.

ಎಲ್ಲಿ ಜೋಡಿಸಬೇಕು?

ಟ್ರ್ಯಾಕ್ಟರಿನ ಹಿಂಭಾಗದಲ್ಲಿ ಟ್ರೇಲರ್ ಸಿಕ್ಕಿಸಬಹುದಾದಂತೆ ತೋರುವ ಸ್ಥಳಗಳು ಹಲವು. ನೇಗಿಲು, ಕುಂಟೆಗಳನ್ನು ಎತ್ತಿಳಿಸುವ ಎರಡು ಕೆಳಗಿನ ತೋಳುಗಳ ನಡುವೆ ಕೂರಿಸುವ ತೂತುಗಳುಳ್ಳ ಅಡ್ಡಪಟ್ಟಿ ಒಂದು. ಚಾಸಿಗೆ ಬಿಗಿದಿರುವ ಡ್ರಾಬಾರ್ ಇನ್ನೊಂದು. ಗೇರುಪೆಟ್ಟಿಗೆಯ ಹಿಂಭಾಗಕ್ಕೆ ಬೋಲ್ಟುಗಳಿಂದ ಕೂರಿಸಿದ ಟ್ರೇಲರ್ ಹುಕ್ಕು ಮತ್ತೊಂದು. ಅಡ್ಡಪಟ್ಟಿಯು ಹೊಲದ ಹಗುರ ಕೆಲಸಕ್ಕೆ ಸಾಕು. ಆದರೆ ಅದು ಮೇಲೆ ಕೆಳಗೆ ಆಡುವ ತೋಳುಗಳ ಮೇಲೆ ನಿಂತಿರುವುದರಿಂದ ಭಾರ ಹೊತ್ತ ಟ್ರೇಲರನ್ನು ರಸ್ತೆಯಲ್ಲಿ ಎಳೆಯಲು ಯೋಗ್ಯವಲ್ಲ. ರಸ್ತೆ ಸಾಗಣೆಗೆ ಕಂಪನಿಯವರೇ ಒದಗಿಸಿದ ಟ್ರೇಲರ್ ಹುಕ್ಕನ್ನೇ ಬಳಸಬೇಕು.

ಎಳೆತದ ಬಿಂದುವು ಹಿಂದಿನ ಅಚ್ಚಿನ ಮಟ್ಟಕ್ಕಿಂತ ಕೆಳಗಿರಬೇಕೆಂಬುದು ಮೂಲ ನಿಯಮ. ಅದಕ್ಕಿಂತ ಮೇಲಿದ್ದರೆ ಎಂಜಿನ್ ಎಷ್ಟು ಬಲವಾಗಿ ಎಳೆಯುವುದೋ ಅಷ್ಟೇ ಬಲವಾಗಿ ಟ್ರ್ಯಾಕ್ಟರಿನ ಮೂತಿ ಮೇಲೇಳುತ್ತದೆ. ಹಸಿ ಹೊಲದಲ್ಲಿ ಹೂತ ಟ್ರೇಲರನ್ನು ಹೊರಗೆಳೆಯಲು ಸರಪಳಿಯನ್ನು ಮೇಲಿನ ತೋಳಿಗೆ ಕಟ್ಟುವ ಪದ್ಧತಿ ಅತ್ಯಂತ ಅಪಾಯಕಾರಿ. ಟ್ರ್ಯಾಕ್ಟರ್ ಹಿಂದಕ್ಕೆ ಮಗುಚಲು ಒಂದೆರಡು ಕ್ಷಣ ಸಾಕು. ಅಷ್ಟರೊಳಗೆ ಚಾಲಕನು ಕ್ಲಚ್ ಒತ್ತುವುದು ದುಸ್ತರ.

ಹುಕ್ಕಿನ ಮೇಲಿನ ಭಾರ

ಚಕ್ಕಡಿ ಹೂಡಿದವರಿಗೆ ಈ ಲೆಕ್ಕ ಹೊಸದಲ್ಲ. ಮೂಕಿ ಭಾರವಾದರೆ ಎತ್ತಿನ ಹೆಗಲು ಸೋಲುತ್ತದೆ; ಹಿಂದೆ ಭಾರವಾದರೆ ನೊಗ ಮೇಲೆದ್ದು ಎತ್ತಿನ ಕೊರಳ ಹಗ್ಗ ಬಿಗಿಯುತ್ತದೆ. ಎರಡು ಗಾಲಿಯ ಟ್ರೇಲರಿಗೂ ಇದೇ ತತ್ವ ಅನ್ವಯಿಸುತ್ತದೆ.

ಉದಾಹರಣೆಗೆ, ಹೇರು ಸಹಿತ 5 ಟನ್ ತೂಗುವ ಟ್ರೇಲರಿನಲ್ಲಿ ಹುಕ್ಕಿನಿಂದ ಅಚ್ಚಿನವರೆಗೆ 3 ಮೀಟರ್ ಅಂತರವಿದೆ ಎಂದು ಭಾವಿಸೋಣ. ಹೇರಿನ ಭಾರಕೇಂದ್ರವು ಅಚ್ಚಿಗಿಂತ 30 ಸೆಂಟಿಮೀಟರ್ ಮುಂದಿದ್ದರೆ ಹುಕ್ಕಿನ ಮೇಲೆ 500 ಕಿಲೊ, ಅಂದರೆ ಒಟ್ಟು ತೂಕದ ಶೇಕಡಾ 10ರಷ್ಟು ಭಾರ ಬೀಳುತ್ತದೆ. ಅದೇ ಕಬ್ಬನ್ನು ಒಂದು ಅಡಿ ಹಿಂದಕ್ಕೆ ಸರಿಸಿ ಹೇರಿದರೆ ಹುಕ್ಕಿನ ಭಾರ ಸೊನ್ನೆಯಾಗುತ್ತದೆ. ಇನ್ನೂ ಅರ್ಧ ಅಡಿ ಹಿಂದೆ ಹೋದರೆ ಟ್ರೇಲರ್ ಟ್ರ್ಯಾಕ್ಟರಿನ ಹಿಂಭಾಗವನ್ನು ಸುಮಾರು 250 ಕಿಲೊ ಬಲದಿಂದ ಮೇಲಕ್ಕೆತ್ತುತ್ತದೆ, ಹಿಂಗಾಲಿಗಳ ಹಿಡಿತ ತಪ್ಪುತ್ತದೆ, ಟ್ರೇಲರ್ ಅತ್ತಿತ್ತ ಓಲಾಡುತ್ತದೆ. ಅಮೆರಿಕದಲ್ಲಿ ಪ್ರವಾಸಕ್ಕೆಂದು ಕಾರಿನ ಹಿಂದೆ ಕೊಂಡೊಯ್ಯುವ ವಸತಿ ಟ್ರೇಲರ್‌ಗಳಿಗೂ ಒಟ್ಟು ತೂಕದ ಶೇಕಡಾ 10ರಿಂದ 15ರಷ್ಟು ಹುಕ್ಕಿನ ಮೇಲಿರಬೇಕೆಂಬ ರೂಢಿ ಇರುವುದು ಇದೇ ಕಾರಣದಿಂದ.

ಮುಂಭಾರ ಹೆಚ್ಚಾದರೂ ತೊಂದರೆಯೇ. ಹುಕ್ಕು ಹಿಂದಿನ ಅಚ್ಚಿಗಿಂತ 60 ಸೆಂಟಿಮೀಟರ್ ಹಿಂದಿದ್ದು, ಟ್ರ್ಯಾಕ್ಟರಿನ ಎರಡು ಅಚ್ಚುಗಳ ನಡುವೆ 2 ಮೀಟರ್ ಅಂತರವಿದ್ದರೆ, ಹುಕ್ಕಿನ ಮೇಲೆ ಬಿದ್ದ ಪ್ರತಿ 1,000 ಕಿಲೊಗೆ ಮುಂದಿನ ಗಾಲಿಗಳ ಮೇಲಿನ ಭಾರ 300 ಕಿಲೊ ಇಳಿಯುತ್ತದೆ. ಸುಮಾರು 2,200 ಕಿಲೊ ತೂಗುವ 50 ಅಶ್ವಶಕ್ತಿಯ ಟ್ರ್ಯಾಕ್ಟರಿನಲ್ಲಿ ಮುಂದಿನ ಗಾಲಿಗಳ ಮೇಲೆ ಇರುವುದೇ 800 ಕಿಲೊ ಆಸುಪಾಸು. ಏರಿನಲ್ಲಿ ಸ್ಟೀರಿಂಗ್ ಹಗುರವಾಯಿತೆಂದು ಚಾಲಕರು ಹೇಳುವುದರ ಅರ್ಥ ಇದು. ಮುಂದೆ ತೂಕದ ಬಿಲ್ಲೆಗಳನ್ನು ಕಟ್ಟುವುದು ಸರಿಯಾದ ಪರಿಹಾರವೇ ಹೊರತು ಬಾನೆಟ್ಟಿನ ಮೇಲೆ ಇಬ್ಬರನ್ನು ಕೂರಿಸುವುದಲ್ಲ.

ನಾಲ್ಕು ಗಾಲಿಯ ಟ್ರೇಲರಿನಲ್ಲಿ ಮುಂದಿನ ಅಚ್ಚು ತಿರುಗುಮೇಜಿನ ಮೇಲೆ ಕುಳಿತು ಭಾರವನ್ನು ತಾನೇ ಹೊರುವುದರಿಂದ ಹುಕ್ಕಿಗೆ ಬರುವುದು ಎಳೆತ ಮಾತ್ರ. ಹೇರುವಾಗ ಅಷ್ಟೊಂದು ನಾಜೂಕು ಬೇಕಿಲ್ಲ. ಆದರೆ ಹಿಂದಕ್ಕೆ ನಡೆಸುವುದು ಕಷ್ಟ, ಬೆಲೆಯೂ ಹೆಚ್ಚು. ಇಕ್ಕಟ್ಟಾದ ಹೊಲದಿಂದ ಕಬ್ಬು ಹೊರತರುವವರಿಗೆ ಎರಡು ಗಾಲಿ, ರಸ್ತೆಯ ದೂರದ ಸಾಗಣೆಗೆ ನಾಲ್ಕು ಗಾಲಿ ಎಂಬುದು ಸ್ಥೂಲವಾಗಿ ಸರಿಯಾದ ವಿಂಗಡಣೆ.

ಪಿನ್ ಮತ್ತು ಬಳೆ

ಸಾವಿರಾರು ಕಿಲೊ ಸರಕು ಒಂದು ಪಿನ್ನಿನ ಮೇಲೆ ನಿಂತಿರುತ್ತದೆ. ಅಸಲಿ ಪಿನ್ ಕಳೆದಾಗ ಕಟ್ಟಡಕ್ಕೆ ಬಳಸುವ ಸರಳಿನ ತುಂಡನ್ನು ತೂರಿಸಿ ಮುಂದೆ ಸಾಗುವುದು ಅಪರೂಪವೇನಲ್ಲ. ಸರಳು ತೂತಿಗಿಂತ ಸಣ್ಣದಾಗಿದ್ದು, ಪ್ರತಿ ಜಗ್ಗಿಗೂ ಬಡಿತ ತಿಂದು ಬಾಗುತ್ತದೆ. ತೂತಿಗೆ ಸರಿಹೊಂದುವ, ಹದಗೊಳಿಸಿದ ಉಕ್ಕಿನ ಪಿನ್, ಅದರ ಕೆಳತುದಿಗೆ ಜಿಗಿದು ಹೊರಬಾರದಂತೆ ತಡೆಯುವ ಕ್ಲಿಪ್, ಜೊತೆಗೆ ಪಿನ್ ಮುರಿದರೂ ಟ್ರೇಲರ್ ಬೇರ್ಪಡದಂತೆ ಹಿಡಿಯುವ ಸರಪಳಿ ಇವು ಇರಲೇಬೇಕು. ಟ್ರೇಲರಿನ ಬಳೆಯ ತೂತು ಮೊಟ್ಟೆಯಾಕಾರಕ್ಕೆ ತಿರುಗಿದ್ದರೆ ಅದನ್ನು ಬದಲಿಸಬೇಕು. ಸವೆದ ಜಾಗಕ್ಕೆ ಬೆಸುಗೆ ತುಂಬಿ ಸಾಣೆ ಹಿಡಿಯುವುದು ಸುಲಭವಾದರೂ ಬೆಸುಗೆಯ ಕಾವಿಗೆ ಉಕ್ಕಿನ ಹದ ಕೆಡುತ್ತದೆ. ಬಿರುಕು ಬಣ್ಣದಡಿ ಅಡಗುತ್ತದೆ. ಬಡಿದು ರೂಪಿಸಿದ ಬಳೆಗೂ ತಗಡಿನಿಂದ ಕತ್ತರಿಸಿದ ಬಳೆಗೂ ಇರುವ ಬೆಲೆಯ ವ್ಯತ್ಯಾಸವು ಇಡೀ ಟ್ರೇಲರಿನ ಬೆಲೆಯ ಮುಂದೆ ಅತ್ಯಲ್ಪ.

ನಿಲ್ಲಿಸುವ ಶಕ್ತಿ

ಎಳೆಯುವ ಶಕ್ತಿಯ ಬಗ್ಗೆ ಎಲ್ಲರೂ ಮಾತನಾಡುತ್ತಾರೆ, ನಿಲ್ಲಿಸುವ ಶಕ್ತಿಯ ಬಗ್ಗೆ ಮಾತು ಕಡಿಮೆ. ಹೆಚ್ಚಿನ ಟ್ರ್ಯಾಕ್ಟರುಗಳಲ್ಲಿ ಬ್ರೇಕು ಹಿಂದಿನ ಎರಡು ಗಾಲಿಗಳಿಗೆ ಮಾತ್ರ. ಮೇಲೆ ಹೇಳಿದ 2,200 ಕಿಲೊ ಟ್ರ್ಯಾಕ್ಟರಿನ ಹಿಂಗಾಲಿಗಳ ಮೇಲೆ ಸುಮಾರು 1,400 ಕಿಲೊ ಇದ್ದು, ಒಣ ಡಾಂಬರು ರಸ್ತೆಯ ಹಿಡಿತವನ್ನು 0.6 ಎಂದು ಹಿಡಿದರೆ, ಗಂಟೆಗೆ 20 ಕಿಲೋಮೀಟರ್ ವೇಗದಲ್ಲಿ ಬರಿಯ ಟ್ರ್ಯಾಕ್ಟರ್ ಬ್ರೇಕು ಹಿಡಿದ ಮೇಲೆ ಸುಮಾರು 4 ಮೀಟರಿನಲ್ಲಿ ನಿಲ್ಲುತ್ತದೆ. ಬ್ರೇಕಿಲ್ಲದ ನಾಲ್ಕು ಗಾಲಿಯ, ಒಟ್ಟು 10 ಟನ್ ತೂಕದ ಟ್ರೇಲರ್ ಹಿಂದಿದ್ದರೆ 23 ಮೀಟರ್ ಬೇಕು. ವೇಗ 30 ಆದರೆ 50 ಮೀಟರಿಗೂ ಹೆಚ್ಚು. ಅಂತಹ ಎರಡು ಟ್ರೇಲರ್ ಜೋಡಿಸಿದರೆ 20ರ ವೇಗದಲ್ಲೇ 40 ಮೀಟರ್ ದಾಟುತ್ತದೆ. ಇದು ಸಮತಟ್ಟಾದ ರಸ್ತೆಯ ಲೆಕ್ಕ. ಪ್ರತಿ 100 ಮೀಟರಿಗೆ 4 ಮೀಟರ್ ಇಳಿಯುವ ಜಾಗದಲ್ಲಿ ಆ ಜೋಡಿಯನ್ನು ಟ್ರ್ಯಾಕ್ಟರಿನ ಬ್ರೇಕೊಂದೇ ನಿಲ್ಲಿಸುವುದು ಹೆಚ್ಚುಕಡಿಮೆ ಅಸಾಧ್ಯ. ಡೀಸೆಲ್ ಉಳಿಸಲೆಂದು ಇಳಿಜಾರಿನಲ್ಲಿ ಗೇರು ತಪ್ಪಿಸುವವರು ಉಳಿಸುವುದು ಎಷ್ಟು, ಪಣಕ್ಕಿಡುವುದು ಏನು ಎಂಬುದನ್ನು ಮಾಲೀಕರೇ ಚಾಲಕರಿಗೆ ತಿಳಿಹೇಳಬೇಕು.

ಪರಿಹಾರ ಟ್ರೇಲರಿಗೇ ಬ್ರೇಕು ಕೊಡಿಸುವುದು. ಟ್ರೇಲರ್ ಮುಂದಕ್ಕೆ ತಳ್ಳಿದಾಗ ಆ ತಳ್ಳುವಿಕೆಯಿಂದಲೇ ಹಿಡಿಯುವ ಬ್ರೇಕು ಹಗುರ ಟ್ರೇಲರಿಗೆ ಸಾಕು. ಭಾರಿ ಟ್ರೇಲರಿಗೆ ಟ್ರ್ಯಾಕ್ಟರಿನ ಪೆಡಲಿನೊಡನೆ ಸೇರಿ ಕೆಲಸ ಮಾಡುವ ಗಾಳಿ ಅಥವಾ ಹೈಡ್ರಾಲಿಕ್ ಬ್ರೇಕು ಸೂಕ್ತ. ಇನ್ನೊಂದು ಮಾತು. ಹೊಲದಲ್ಲಿ ಒಂದೇ ಪಕ್ಕದ ಬ್ರೇಕು ಒತ್ತಿ ತಿರುಗಲೆಂದು ಟ್ರ್ಯಾಕ್ಟರಿಗೆ ಎರಡು ಪೆಡಲುಗಳಿರುತ್ತವೆ. ರಸ್ತೆಗೆ ಬಂದೊಡನೆ ಅವೆರಡನ್ನೂ ಕೂಡಿಸುವ ಕೊಂಡಿ ಹಾಕದಿದ್ದರೆ ಒಂದೇ ಪಕ್ಕ ಬ್ರೇಕು ಬಿದ್ದು ಟ್ರೇಲರ್ ಅಡ್ಡ ತಿರುಗುತ್ತದೆ. ಇದಕ್ಕೆ ಒಂದು ರೂಪಾಯಿಯ ಖರ್ಚೂ ಇಲ್ಲ.

ಎರಡನೆಯ ಟ್ರೇಲರ್ ಕಟ್ಟುವವರು ಮತ್ತೊಂದು ಅಂಶ ಗಮನಿಸಬೇಕು. ಎರಡು ಗಾಲಿಯ ಟ್ರೇಲರಿನ ಬಾಲಕ್ಕೆ ಮತ್ತೊಂದು ಎರಡು ಗಾಲಿಯ ಟ್ರೇಲರ್ ಸಿಕ್ಕಿಸಿದರೆ, ಹಿಂದಿನದರ ಹುಕ್ಕಿನ ಭಾರವು ಮುಂದಿನದರ ಬಾಲವನ್ನು ಒತ್ತಿ, ಟ್ರ್ಯಾಕ್ಟರಿನ ಹುಕ್ಕನ್ನು ಹಗುರಗೊಳಿಸುತ್ತದೆ. ಆದುದರಿಂದ ಹಿಂದಿನದು ನಾಲ್ಕು ಗಾಲಿಯದ್ದಾಗಿರಬೇಕು, ಮುಂದಿನದರ ಹಿಂಬದಿಯ ಹುಕ್ಕು ಚಾಸಿಯ ಉದ್ದ ತೊಲೆಗಳಿಗೆ ಸೇರಿರಬೇಕು, ಕೇವಲ ಅಡ್ಡಪಟ್ಟಿಗಲ್ಲ. ಜೋಡಿ ಟ್ರೇಲರಿಗೆ ಅನುಮತಿ ಇದೆಯೇ ಎಂಬುದನ್ನು ಸಾರಿಗೆ ಕಚೇರಿಯಿಂದ ಬರವಣಿಗೆಯಲ್ಲಿ ಪಡೆಯುವುದು ಕ್ಷೇಮ.

ಉಳಿದ ಅಂಶಗಳು

ಟೈರು, ಸ್ಪ್ರಿಂಗ್ ಪಟ್ಟಿಗಳ ವಿಷಯದಲ್ಲಿ ಹೊರುವ ಶಕ್ತಿಯನ್ನು ಓದಿ ಕೊಳ್ಳಬೇಕು, 9.00-16 ಅಳತೆಯ ಟೈರುಗಳಲ್ಲೂ ಪದರದ ಅಂಕಿ ಬೇರೆ ಬೇರೆ ಇರುತ್ತದೆ. ಕಬ್ಬಿನ ಸೋಗೆ ಹಿಂದೆ ಚಾಚಿದಾಗ ದೀಪವೂ ಪ್ರತಿಫಲಕವೂ ಮರೆಯಾಗುವುದರಿಂದ ಅವುಗಳನ್ನು ಸೋಗೆಗೆ ನಿಲುಕದಂತೆ ಕೂರಿಸಬೇಕು. ರಾತ್ರಿ ಪಾಳಿಯಲ್ಲಿ ಕಾರ್ಖಾನೆಯ ಹೊರಗೆ ನಿಂತ ಟ್ರೇಲರಿಗೆ ಬೈಕು ಸವಾರರು ಗುದ್ದುವುದು ಕತ್ತಲಿನಿಂದ.

ಮಹಾರಾಷ್ಟ್ರದ ಬೀಡ ಮೊದಲಾದ ಜಿಲ್ಲೆಗಳಿಂದ ಬರುವ ಕಬ್ಬು ಕಡಿಯುವ ತಂಡಗಳು ಸಂಸಾರ, ಪಾತ್ರೆಪಗಡ, ಗುಡಿಸಲಿನ ಸಾಮಾನು ಸಮೇತ ಟ್ರೇಲರಿನಲ್ಲೇ ಪ್ರಯಾಣಿಸಿ, ತಿಂಗಳುಗಟ್ಟಲೆ ಹೊಲದಂಚಿನಲ್ಲಿ ಬೀಡುಬಿಡುತ್ತವೆ. ಕೃಷಿ ಟ್ರೇಲರ್ ಇರುವುದು ಸರಕಿಗೆ, ಜನರಿಗಲ್ಲ. ಸಾಮಾನು ಟ್ರೇಲರಿನಲ್ಲಿ ಬರಲಿ. ಜನರನ್ನು ಬಸ್ಸಿನಲ್ಲಿ ಕರೆತರುವ ಖರ್ಚನ್ನು ಮುಂಗಡ ಕೊಡುವ ಗುತ್ತಿಗೆದಾರರು ಲೆಕ್ಕದಲ್ಲೇ ಸೇರಿಸಿಕೊಳ್ಳುವುದು ಉಚಿತ.

ಟ್ರೇಲರಿಗೆ ಟ್ರ್ಯಾಕ್ಟರಿಗಿಂತ ಪ್ರತ್ಯೇಕ ನೋಂದಣಿ ಸಂಖ್ಯೆ ಇರುತ್ತದೆ. ಜಮಖಂಡಿ ಕಚೇರಿಯ ಸಂಕೇತ ಕೆಎ-48, ಬಾಗಲಕೋಟೆಯದು ಕೆಎ-29. ವಿಮಾ ಪಾಲಿಸಿಯಲ್ಲಿ ಆ ಸಂಖ್ಯೆ ನಮೂದಾಗಿದೆಯೇ, ಬೆಂಕಿ ಮತ್ತು ಗಲಭೆಯ ನಷ್ಟವೂ ಸೇರಿದೆಯೇ, ಬಾಡಿಗೆ ಸಾಗಣೆಗೆ ಅದು ಅನ್ವಯಿಸುವುದೇ ಎಂದು ಓದಿ ನೋಡಬೇಕು. 2025ರ ನವೆಂಬರಿನಲ್ಲಿ ಕಬ್ಬಿನ ಬೆಲೆಯ ಹೋರಾಟದ ಸಂದರ್ಭದಲ್ಲಿ ಸಮೀರವಾಡಿಯಲ್ಲಿ ಕಬ್ಬು ತುಂಬಿದ ಟ್ರೇಲರುಗಳು ಬೆಂಕಿಗೆ ಆಹುತಿಯಾದುದನ್ನು ಈ ಭಾಗದ ಮಾಲೀಕರು ಮರೆತಿರಲಾರರು. ಜಿಎಸ್‌ಟಿಯಲ್ಲಿ ಟ್ರೇಲರ್ 8716ನೆಯ ಶೀರ್ಷಿಕೆಯಡಿ ಬರುತ್ತದೆ; ತಾನೇ ಸರಕು ಇಳಿಸುವ ಕೃಷಿ ಟ್ರೇಲರಿಗೂ ಸಾಮಾನ್ಯ ಟ್ರೇಲರಿಗೂ ಉಪಶೀರ್ಷಿಕೆ ಬೇರೆ. ಬಿಲ್ಲಿನಲ್ಲಿ ಸರಿಯಾದುದನ್ನೇ ಬರೆಸಿಕೊಳ್ಳಬೇಕು.

ಟ್ರೇಲರ್ ತಯಾರಕರು ದರಪಟ್ಟಿಯಲ್ಲಿ ಬಾಡಿಯ ಬೆಲೆಯನ್ನು ಒಂದು ಸಾಲಿನಲ್ಲಿ, ಹುಕ್ಕು-ಬ್ರೇಕಿನ ಬೆಲೆಯನ್ನು ಇನ್ನೊಂದು ಸಾಲಿನಲ್ಲಿ ತೋರಿಸಿದರೆ ಗಿರಾಕಿಯು ಯಾವುದರಲ್ಲಿ ಕಡಿತ ಕೇಳುತ್ತಿದ್ದಾನೆಂಬುದು ಇಬ್ಬರಿಗೂ ಸ್ಪಷ್ಟವಾಗುತ್ತದೆ. ಖಾಲಿ ತೂಕ, ಹೊರಬಹುದಾದ ತೂಕ ಮತ್ತು ತಯಾರಾದ ವರ್ಷವನ್ನು ಕೊರೆದ ತಗಡಿನ ಪಟ್ಟಿಯೊಂದನ್ನು ಹುಕ್ಕಿನ ಬಳಿಯೇ ಕೂರಿಸಿದರೆ, ಮುಂದೆ ಆ ಟ್ರೇಲರನ್ನು ಹಳೆಯದಾಗಿ ಕೊಳ್ಳುವವನಿಗೂ ಉಪಯೋಗ.