ಅಂಕಿಯ ಮೂಲವನ್ನು ತೋರುವ ಬಾಣಗಳು

ಮುಂಬಯಿಯ ಫೋರ್ಟ್ ವಿಭಾಗದಲ್ಲಿ ಹುತಾತ್ಮ ಚೌಕದಿಂದ ಹೊರಟು ಹಾರ್ನಿಮನ್ ಸರ್ಕಲನ್ನು ಬಳಸಿ ದಲಾಲ್ ಸ್ಟ್ರೀಟಿನ ಶೇರುಪೇಟೆಯವರೆಗೆ ನಡೆದವರಿಗೆ, ಆ ಹಳೆಯ ಕಟ್ಟಡಗಳ ಮಹಡಿಗಳಲ್ಲಿ ಲೆಕ್ಕಪರಿಶೋಧಕರ ನಾಮಫಲಕಗಳು ಹೆಜ್ಜೆಹೆಜ್ಜೆಗೂ ಕಾಣಸಿಗುತ್ತವೆ. ಹಗಲೆಲ್ಲ ಹೋಟೆಲುಗಳಲ್ಲಿ ದುಡಿದು, ಇರುಳು ಇದೇ ಫೋರ್ಟಿನ ಕನ್ನಡ ರಾತ್ರಿಶಾಲೆಗಳಲ್ಲಿ ಓದಿ, ಕಾಲಕ್ರಮದಲ್ಲಿ ಬ್ಯಾಂಕು ಕಚೇರಿಗಳ ಲೆಕ್ಕದ ಮೇಜನ್ನು ಸೇರಿದ ದಕ್ಷಿಣ ಕನ್ನಡದ ತರುಣರೂ ಈ ಲೋಕದವರೇ. ಲೆಡ್ಜರಿನ ಪ್ರತಿಯೊಂದು ಅಂಕಿಗೂ ವೋಚರಿನ ಸಾಕ್ಷ್ಯವನ್ನು ಹುಡುಕಿ, ಬಣ್ಣದ ಪೆನ್ಸಿಲಿನಿಂದ ಗುರುತು ಹಾಕಿದ ಹೊರತು ಮುಂದಿನ ಸಾಲಿಗೆ ಹೋಗಲಾಗದು ಎಂಬುದು ಕಾಗದದ ಲೆಡ್ಜರುಗಳ ಕಾಲದ ಶಿಸ್ತು.

ಎಕ್ಸೆಲ್ ಶೀಟು ಬಂದ ಮೇಲೆ ಆ ಸಾಕ್ಷ್ಯವು ಕಣ್ಮರೆಯಾಯಿತು. ಕೋಶದಲ್ಲಿ ಕಾಣುವುದು ಫಲಿತಾಂಶ ಮಾತ್ರ, ಅದರ ಉತ್ಪತ್ತಿಯು ಫಾರ್ಮುಲಾದಲ್ಲಿ ನಿಗೂಢವಾಗಿರುತ್ತದೆ. ಈ ಕೊರತೆಯನ್ನು ನೀಗುವುದಕ್ಕೆ ಎಕ್ಸೆಲಿನ ಫಾರ್ಮುಲಾಸ್ ವಿಭಾಗದಲ್ಲಿ ‘ಟ್ರೇಸ್ ಪ್ರಿಸಿಡೆಂಟ್ಸ್’ ಎಂಬ ಸಾಧನವುಂಟು. ಮೊತ್ತದ ಕೋಶವನ್ನು ಆರಿಸಿ ಅದನ್ನು ಒತ್ತಿದೊಡನೆ, ಯಾವ ಯಾವ ಕೋಶಗಳಿಂದ ಆ ಮೊತ್ತವು ಉಂಟಾಯಿತೋ ಅಲ್ಲಿಂದೆಲ್ಲ ನೀಲಿ ಬಾಣಗಳು ಹೊರಟು ಬಂದು ಸೇರುತ್ತವೆ. ದೋಷವುಳ್ಳ ಕೋಶದಿಂದ ಬರುವ ಬಾಣವು ಕೆಂಪು.

ಇದರ ಪ್ರಯೋಜನವನ್ನು ಅರಿಯಲು 2013ರ ಪ್ರಸಂಗವೊಂದು ಸಾಕು. ಸರಕಾರಗಳ ಸಾಲವು ಮಿತಿಮೀರಿದರೆ ಆರ್ಥಿಕ ಬೆಳವಣಿಗೆಯು ಕುಸಿಯುವುದೆಂದು ಕಾರ್ಮೆನ್ ರೈನ್‌ಹಾರ್ಟ್ ಮತ್ತು ಕೆನೆತ್ ರೋಗಾಫ್ ಎಂಬ ಪ್ರಸಿದ್ಧ ಅರ್ಥಶಾಸ್ತ್ರಜ್ಞರು 2010ರಲ್ಲಿ ಪ್ರತಿಪಾದಿಸಿದ್ದರು. ಅವರ ಶೀಟನ್ನೇ ಕೇಳಿ ಪಡೆದು ಪರೀಕ್ಷಿಸಿದ ಥಾಮಸ್ ಹರ್ನ್‌ಡನ್ ಎಂಬ ವಿದ್ಯಾರ್ಥಿಗೆ, ಇಪ್ಪತ್ತು ದೇಶಗಳ ಸರಾಸರಿಯಲ್ಲಿ ಐದು ದೇಶಗಳ ಸಾಲುಗಳು ಸೇರದೆಯೇ ಉಳಿದದ್ದು ಗೋಚರಿಸಿತು. ಅವನು ಎತ್ತಿದ ಆಕ್ಷೇಪಗಳು ಬೇರೆಯೂ ಇದ್ದುವು, ಮತ್ತು ಅವು ಹೆಚ್ಚು ಗುರುತರವಾದವು. ಆದರೆ ಈ ಒಂದು ಲೋಪವನ್ನಂತೂ ಬಾಣವೇ ಹೇಳಬಲ್ಲುದಾಗಿತ್ತು, ಏಕೆಂದರೆ ಲೆಕ್ಕಕ್ಕೆ ಸೇರಿದ ಸಾಲುಗಳ ಸುತ್ತ ಎಕ್ಸೆಲ್ ನೀಲಿ ಚೌಕಟ್ಟನ್ನು ಎಳೆಯುತ್ತದೆ, ಉಳಿದ ಐದು ಸಾಲುಗಳು ಅದರ ಹೊರಗೆ ನಿಂತಿರುತ್ತಿದ್ದುವು.

ಆದರೆ ಈ ಬಾಣಗಳು ಅಲ್ಪಾಯುಷಿಗಳು. ಫಾರ್ಮುಲಾವನ್ನು ತಿದ್ದಿದರೆ, ಒಂದು ಸಾಲನ್ನು ಸೇರಿಸಿದರೆ ಅಥವಾ ಅಳಿಸಿದರೆ ಅವು ಮಾಯವಾಗುತ್ತವೆ. ಆಡಿಟರನಿಗಾದರೋ, ಆ ಲೆಕ್ಕದೊಡನೆ ಹಿಂದೆ ಸಂಬಂಧವೇ ಇಲ್ಲದ ಅನುಭವಿಯೊಬ್ಬನು ನೋಡಿದರೂ ತಿಳಿಯುವಂತೆ ದಾಖಲೆಯನ್ನು ಇರಿಸಬೇಕೆಂದು ನಮ್ಮ ದೇಶದ ಲೆಕ್ಕಪರಿಶೋಧನಾ ಮಾನದಂಡಗಳು ವಿಧಿಸುತ್ತವೆ. ಕಾಗದಪತ್ರಗಳನ್ನು ಸಾಮಾನ್ಯವಾಗಿ 7 ವರ್ಷಗಳಿಗೆ ಕಡಮೆಯಿಲ್ಲದೆ ಕಾಯ್ದಿಡಬೇಕು. ಆದಕಾರಣ ಬಾಣಸಹಿತವಾಗಿ ಕೋಶಗಳ ಚಿತ್ರವನ್ನೇ ತೆಗೆದಿಡುವುದು ಯುಕ್ತ.

ಕೋಶಗಳನ್ನು ಆರಿಸಿ, ಕಾಪಿ ಗುಂಡಿಯ ಪಟ್ಟಿಯಲ್ಲಿ ‘ಕಾಪಿ ಆ್ಯಸ್ ಪಿಕ್ಚರ್’ ಎಂಬುದನ್ನು ಒತ್ತಿ, ಪರದೆಯಲ್ಲಿ ಕಂಡಂತೆ ಎಂಬ ಆಯ್ಕೆಯನ್ನು ಗುರುತಿಸಿ, ವರ್ಡ್ ಕಡತದಲ್ಲಿ ಅಂಟಿಸಬಹುದು. ಅಂಟಿಸಿದ ಚಿತ್ರದಲ್ಲಿ ಬಾಣಗಳು ಬಂದಿವೆಯೇ ಎಂಬುದನ್ನು ಅವಶ್ಯವಾಗಿ ನೋಡತಕ್ಕದ್ದು. ಬಾರದಿದ್ದರೆ ವಿಂಡೋಸ್, ಶಿಫ್ಟ್ ಮತ್ತು ಎಸ್ ಕೀಲಿಗಳನ್ನು ಒಟ್ಟಿಗೆ ಒತ್ತಿ ಪರದೆಯ ಅಷ್ಟು ಭಾಗವನ್ನೇ ಕತ್ತರಿಸಿಕೊಂಡರಾಯಿತು. ಶೀಟಿನ ಎಲ್ಲ ಮೊತ್ತಗಳಿಗೂ ಒಮ್ಮೆಲೆ ಬಾಣ ಬಿಡಿಸುವ ಉತ್ಸಾಹವು ಬೇಡ, ಅದರಿಂದ ಹುಟ್ಟುವುದು ಗೋಜಲು. ಒಂದು ಮೊತ್ತಕ್ಕೆ ಒಂದು ಚಿತ್ರವಿರಲಿ, ಅದರ ಅಡಿಯಲ್ಲಿ ಕಡತದ ಹೆಸರು, ಕೋಶದ ವಿಳಾಸ, ದಿನಾಂಕಗಳಿರಲಿ. ಚಿತ್ರದೊಳಗೆ ಫಾರ್ಮುಲಾ ಇರುವುದಿಲ್ಲವಾದ್ದರಿಂದ ಮೂಲ ಶೀಟನ್ನೂ ಜತೆಗೆ ಉಳಿಸಬೇಕು. ಅಂಕಿಯು ಬೇರೊಂದು ಶೀಟಿನಿಂದಲೋ ಕಡತದಿಂದಲೋ ಬಂದದ್ದಾದರೆ ಕಪ್ಪು ತುಂಡುಗೆರೆಯ ಬಾಣವೊಂದು ಪುಟ್ಟ ಸಂಕೇತಚಿತ್ರದ ಬಳಿ ನಿಂತುಬಿಡುತ್ತದೆ. ಆಗ ಆ ಎರಡನೆಯ ಶೀಟನ್ನು ತೆರೆದು, ಅಲ್ಲಿಯೂ ಬಾಣವೆಳೆದು, ಇನ್ನೊಂದು ಚಿತ್ರವನ್ನು ತೆಗೆಯಬೇಕಾಗುತ್ತದೆ.