ಕೊಳವೆಯಿಂದ ಹೊರಬಂದ ಹಳ್ಳ

ಸಿಯಾಟಲ್ ನಗರದ ರೂಸ್‌ವೆಲ್ಟ್ ರೈಲು ನಿಲ್ದಾಣದಲ್ಲಿ ಇಳಿದು, ಮರದ ಮನೆಗಳ ಸಾಲಿನ ಮುಂದೆ ಹತ್ತು ನಿಮಿಷ ನಡೆದರೆ ಕೋವನ್ ಪಾರ್ಕು ಸಿಗುತ್ತದೆ. ಮೊದಲಿಗೆ ಕಣ್ಣಿಗೆ ಬೀಳುವುದು ಹುಲ್ಲಿನ ಬಯಲು, ಮಕ್ಕಳ ಜಾರುಬಂಡೆ, ಚೆಂಡಾಡುವ ಜಾಗ. ಅಮೆರಿಕದ ಯಾವ ಬಡಾವಣೆಯಲ್ಲಾದರೂ ಇರುವಂಥದ್ದೇ. ಇಷ್ಟಕ್ಕೆ ಇಲ್ಲಿಯವರೆಗೆ ಬರಬೇಕಿತ್ತೇ ಎಂದುಕೊಳ್ಳುತ್ತ ಬಯಲಿನ ಪೂರ್ವದ ಅಂಚಿಗೆ ಹೋಗಿ ನಿಂತರೆ ನೆಲ ಇದ್ದಕ್ಕಿದ್ದಂತೆ ಇಳಿಯತೊಡಗುತ್ತದೆ. ಅಲ್ಲಿಂದ ಮುಂದಕ್ಕೆ ರವೆನ್ನಾ ಪಾರ್ಕು. ಮನೆಗಳ ಹಿತ್ತಿಲುಗಳ ನಡುವೆ ಆಗ್ನೇಯಕ್ಕೆ ಚಾಚಿಕೊಂಡ ಕಿರಿದಾದ ಕಣಿವೆ, ಅದರ ತಳದಲ್ಲಿ ಒಂದು ಹಳ್ಳ, ಎರಡೂ ಪಕ್ಕಕ್ಕೆ ಕಾಡು. ಎರಡು ಪಾರ್ಕುಗಳೂ ಸೇರಿದರೆ ಸುಮಾರು 58 ಎಕರೆ. ನಮ್ಮ ಲಾಲ್‌ಬಾಗಿನ ಕಾಲುಭಾಗಕ್ಕೂ ಕಡಿಮೆ.

ಇಳಿಯುವ ದಾರಿ ಮಣ್ಣಿನದು. ಅಲ್ಲಲ್ಲಿ ಮರದ ದಿಮ್ಮಿ ಅಡ್ಡ ಹೂತು ಮೆಟ್ಟಿಲು ಮಾಡಿದ್ದಾರೆ. ಸಿಯಾಟಲ್‌ನ ಮಳೆ ನಮ್ಮ ಮಲೆನಾಡಿನ ಮಳೆಯ ಹಾಗೆ ಅಬ್ಬರಿಸುವುದಿಲ್ಲ. ಅಕ್ಟೋಬರಿನಿಂದ ಏಪ್ರಿಲಿನವರೆಗೆ ಜಿಟಿಜಿಟಿ ಹನಿಯುತ್ತಲೇ ಇರುತ್ತದೆ. ಹಾಗಾಗಿ ಚಳಿಗಾಲ ಮುಗಿಯುವ ಹೊತ್ತಿಗೆ ಈ ಕಣಿವೆಯಲ್ಲಿ ಒಣಗಿದ್ದು ಎಂಬುದೇ ಉಳಿದಿರುವುದಿಲ್ಲ. ದೊಡ್ಡೆಲೆಯ ಮೇಪಲ್ ಮರವೊಂದನ್ನು ಹತ್ತಿರದಿಂದ ನೋಡಬೇಕು. ಎಲೆ ಇನ್ನೂ ಚಿಗುರಿಲ್ಲ, ಆದರೂ ಮರ ಬೋಳಾಗಿಲ್ಲ. ಕಾಂಡಕ್ಕೂ ಕೊಂಬೆಗೂ ಬೆರಳುದ್ದ ದಪ್ಪದ ಹಾವಸೆ ಸುತ್ತಿಕೊಂಡಿದೆ. ಒತ್ತಿದರೆ ನೀರು ಒಸರುತ್ತದೆ. ಆ ಹಾವಸೆಯಲ್ಲೇ ಬೇರೂರಿ ಸಣ್ಣ ಜರಿಗಿಡಗಳು ಕೊಂಬೆಯುದ್ದಕ್ಕೂ ಸಾಲಾಗಿ ನಿಂತಿವೆ. ಮಣ್ಣಿನ ಹಂಗೇ ಇಲ್ಲದ ಬದುಕು. ಕೆಳಗೆ ನೆಲದ ಮೇಲೆ ಸೊಂಟದೆತ್ತರದ ಕತ್ತಿ ಜರಿಗಿಡ, ಗುಲಾಬಿ ಬಣ್ಣದ ಹೂ ಬಿಟ್ಟ ಸಾಮನ್‌ಬೆರಿ ಪೊದೆ. ಬಿದ್ದು ವರ್ಷಗಳಾದ ಮರದ ದಿಮ್ಮಿಗಳನ್ನು ಯಾರೂ ತೆಗೆಯುವುದಿಲ್ಲ. ಕೊಳೆಯುತ್ತಿರುವ ಅವುಗಳ ಬೆನ್ನ ಮೇಲೆಯೇ ಹೆಮ್‌ಲಾಕ್ ಸಸಿಗಳು ಮೊಳೆತು ಬೇರುಗಳನ್ನು ಎರಡೂ ಕಡೆಗೆ ಇಳಿಬಿಟ್ಟಿರುತ್ತವೆ. ನಮ್ಮ ನಗರಗಳಲ್ಲಾದರೆ ಬಿದ್ದ ಮರ ಸಂಜೆಯೊಳಗೆ ಲಾರಿ ಏರಿರುತ್ತಿತ್ತು.

ನನ್ನ ಜೊತೆ ಅಂದು ಸ್ನೇಹಿತನ ತಾಯಿ ಬಂದಿದ್ದರು. ಸಾಗರದ ಕಡೆಯವರು. ಮಗನ ಮನೆಗೆ ಬಂದು ಮಾಲುಗಳನ್ನು ನೋಡಿ ನೋಡಿ ಬೇಸತ್ತಿದ್ದರು. ಕಣಿವೆಯ ತಳ ಮುಟ್ಟುವವರೆಗೂ "ಜಾರ್ತದೆ, ಕೈ ಕೊಡೋ" ಎಂಬುದರ ಹೊರತು ಮಾತಿಲ್ಲ. ಹಳ್ಳದ ಪಕ್ಕದ ಜೌಗು ನೆಲ ಕಂಡದ್ದೇ ಕೈ ಬಿಡಿಸಿಕೊಂಡು ಮುಂದೆ ಹೋಗಿ ನಿಂತರು.

"ಅಲ್ಲ ಮಾರಾಯ, ಇದು ಕೆಸು ಅಲ್ವೇನೋ?"

ಕಪ್ಪು ಕೆಸರಿನಲ್ಲಿ ಅಗಲವಾದ ಹಸಿರೆಲೆಗಳು. ನಡುವೆ ಹಳದಿ ಹಾಳೆಯೊಂದು ಅರ್ಧ ಸುತ್ತಿಕೊಂಡು, ಒಳಗೆ ತೆನೆಯಂಥ ಹೂಗೊಂಚಲು. ಇಲ್ಲಿಯವರು ಇದನ್ನು ಸ್ಕಂಕ್ ಕ್ಯಾಬೇಜ್ ಎನ್ನುತ್ತಾರೆ. ನಾರುವ ಪ್ರಾಣಿಯ ಹೆಸರೇ ಬಿದ್ದಿದೆ, ಗಿಡವೂ ಹಾಗೇ ನಾರುತ್ತದೆ. ಆ ನಾತಕ್ಕೆ ಹುಳುಗಳು ಬಂದು ಪರಾಗಸ್ಪರ್ಶ ನಡೆಸಿಕೊಡುತ್ತವೆ.

"ಅದೇ ಕುಲದ್ದು ಅಮ್ಮ, ಆದರೆ ತಿನ್ನೋದಲ್ಲ. ಬಾಯಿ, ಗಂಟಲು ಎಲ್ಲ ತುರಿಸುತ್ತೆ."

"ತುರಿಸೋದಕ್ಕೆ ಹುಣಸೆಹುಳಿ ಇಲ್ವೇನೋ?" ಎಂದು ಬಗ್ಗಿ ಎಲೆಯ ಅಡಿಭಾಗ ನೋಡಿದರು. ಮೂಸಿದರು. ಮುಖ ಸಿಂಡರಿಸಿ ಹಿಂದೆ ಸರಿದರು. "ಇದ್ರಲ್ಲಿ ಪತ್ರೊಡೆ ಆಗೋದಿಲ್ಲ" ಎಂಬ ತೀರ್ಪೂ ಬಂತು.

ಅವರ ಕಣ್ಣು ತಪ್ಪಲಿಲ್ಲ. ಸಸ್ಯಶಾಸ್ತ್ರದಲ್ಲಿ ಎರಡೂ ಒಂದೇ ಕುಟುಂಬಕ್ಕೆ ಸೇರಿದವು. ಎರಡರ ತುರಿಕೆಗೂ ಕಾರಣ ಎಲೆಯೊಳಗಿರುವ ಕ್ಯಾಲ್ಸಿಯಂ ಆಕ್ಸಲೇಟ್ ಎಂಬ ಸೂಜಿಹರಳುಗಳು. ಈ ಕರಾವಳಿಯ ಮೂಲನಿವಾಸಿಗಳು ಈ ಎಲೆಯನ್ನು ನಿತ್ಯದ ಊಟಕ್ಕೆ ಬಳಸಿದವರಲ್ಲ. ಬುಟ್ಟಿಯ ಒಳಗೆ ಹಾಸಲು, ಹಣ್ಣು ಒಣಗಿಸಲು, ಆಹಾರ ಸುತ್ತಿಡಲು ಬಳಸುತ್ತಿದ್ದರು. ಬಾಳೆಯಿಲ್ಲದ ಸೀಮೆಯ ಬಾಳೆಲೆ ಎನ್ನಬಹುದು.

ಹಳ್ಳ ದೊಡ್ಡದೇನಲ್ಲ. ಬೇಸಿಗೆಯಲ್ಲಿ ಮಕ್ಕಳು ಒಂದೇ ನೆಗೆತಕ್ಕೆ ದಾಟುತ್ತಾರೆ. ಆದರೆ ಕಣಿವೆ ಮಾತ್ರ ಹಳ್ಳದ ಗಾತ್ರಕ್ಕೆ ಮೀರಿದ್ದು. ಈ ಪುಟ್ಟ ನೀರು ಇಷ್ಟು ಆಳಕ್ಕೆ ಕೊರೆಯಿತೇ ಎಂಬ ಅನುಮಾನ ಬಾರದಿರದು. ಹಿಮಯುಗದ ಕೊನೆಯಲ್ಲಿ ನೀರ್ಗಲ್ಲಿನ ಹಾಸು ಹಿಂದೆ ಸರಿದ ಮೇಲೆ, ಪಶ್ಚಿಮದಲ್ಲಿರುವ ಗ್ರೀನ್ ಲೇಕ್ ಕೆರೆಯ ಕೋಡಿ ನೀರು ಇದೇ ದಾರಿಯಲ್ಲಿ ವಾಷಿಂಗ್ಟನ್ ಸರೋವರಕ್ಕೆ ಹರಿಯುತ್ತಿತ್ತು. ಕಣಿವೆ ಆ ನೀರಿನ ಕೆಲಸ. 1911ರಲ್ಲಿ ನಗರದವರು ಗ್ರೀನ್ ಲೇಕ್‌ನ ನೀರಿನ ಮಟ್ಟವನ್ನು ಸುಮಾರು 7 ಅಡಿ ಇಳಿಸಿ, ದಡದಲ್ಲಿ ಹೊಸ ಜಾಗ ಗಿಟ್ಟಿಸಿಕೊಂಡರು. ಕೋಡಿ ಬಂದಾಯಿತು. ಈಗ ಹರಿಯುವುದೆಲ್ಲ ಕಣಿವೆಯ ಪಕ್ಕಗಳಿಂದ ಒಸರುವ ಒರತೆ ನೀರು. ಮೇಲೆ ಮರಳಿನ ಪದರ, ಅದರ ಕೆಳಗೆ ಜೇಡಿಮಣ್ಣಿನ ಪದರ. ಮಳೆನೀರು ಮರಳಿನಲ್ಲಿ ಇಳಿದು, ಜೇಡಿಗೆ ಬಂದು ತಡೆದು, ಪಕ್ಕಕ್ಕೆ ಹೊರಳಿ ಇಳಿಜಾರಿನಲ್ಲಿ ಹೊರಬರುತ್ತದೆ. ದಾರಿಯಲ್ಲಿ ನಿಂತು ನೋಡಿದರೆ ಬೇರುಗಳ ಸಂದಿನಿಂದ ಅದು ಜಿನುಗುವುದು ಕಾಣುತ್ತದೆ. ಒಸರುವ ಜಾಗದಲ್ಲೆಲ್ಲ ತುಕ್ಕಿನ ಬಣ್ಣದ ಕೆಸರು, ಅದರಲ್ಲಿ ಗೆಣ್ಣುಗೆಣ್ಣಾದ ಹಾರ್ಸ್‌ಟೇಲ್ ಗಿಡಗಳ ಹಿಂಡು.

ಕಾಡು ದಟ್ಟವಾಗಿದೆ ನಿಜ, ಹಳೆಯದೆಂದು ಮಾತ್ರ ಯಾರೂ ಮೋಸಹೋಗಬಾರದು. ಇದರ ಕಥೆ ತುಸು ಕಹಿಯಾದದ್ದು. 19ನೇ ಶತಮಾನದ ಕೊನೆಯಲ್ಲಿ ಸಿಯಾಟಲ್ ಸುತ್ತಲಿನ ಬೆಟ್ಟಗಳೆಲ್ಲ ಗರಗಸದ ಕಾರ್ಖಾನೆಗಳ ಪಾಲಾಗುತ್ತಿದ್ದಾಗ ಈ ಕಣಿವೆ ಹೇಗೋ ಉಳಿದುಕೊಂಡಿತ್ತು. ವಿಲಿಯಂ ಬೆಕ್ ಎಂಬ ಪಾದ್ರಿ, ಅವರ ಹೆಂಡತಿ ಲೂಯಿಸ್ ಪೈನ್ ಕಾಡಿಗೆ ಹೆಸರಾದ ಇಟಲಿಯ ರವೆನ್ನಾ ಪಟ್ಟಣದ ಹೆಸರು ಹೊತ್ತ ಈ ಜಾಗವನ್ನು ಕೊಂಡು, ಬೇಲಿ ಹಾಕಿ, 25 ಸೆಂಟ್ ಪ್ರವೇಶದರ ಗೊತ್ತುಮಾಡಿದರು. ಆಗ ಇಲ್ಲಿದ್ದ ಡಗ್ಲಸ್ ಫರ್ ಮರಗಳು ಅಸಾಮಾನ್ಯವಾದವು. ಊರಿಗೆ ಬಂದವರೆಲ್ಲ ಅವುಗಳ ಬುಡದಲ್ಲಿ ಕೈಕೈ ಹಿಡಿದು ನಿಂತು ಫೋಟೊ ತೆಗೆಸಿಕೊಳ್ಳುತ್ತಿದ್ದರು. ದೊಡ್ಡ ಮರಗಳಿಗೆ ದೊಡ್ಡವರ ಹೆಸರಿಡಲಾಗಿತ್ತು. ಒಂದಕ್ಕೆ ಅಧ್ಯಕ್ಷ ಥಿಯೋಡರ್ ರೂಸ್‌ವೆಲ್ಟರ ಹೆಸರು.

1911ರಲ್ಲಿ ನಗರಾಡಳಿತ ಪಾರ್ಕನ್ನು ವಶಪಡಿಸಿಕೊಂಡಿತು. ಸಾರ್ವಜನಿಕರ ಸ್ವತ್ತಾಯಿತು, ಇನ್ನು ಮರಗಳಿಗೆ ಭಯವಿಲ್ಲ ಎಂದುಕೊಂಡರು ಜನ. ಒಂದೆರಡು ವರ್ಷದಲ್ಲಿ ರೂಸ್‌ವೆಲ್ಟ್ ಮರ ಕಾಣೆಯಾಯಿತು. ಕೇಳಿದವರಿಗೆ ಸಿಕ್ಕ ಉತ್ತರ: ತಿರುಳು ಕೊಳೆತಿತ್ತು, ಜನರ ಮೇಲೆ ಬೀಳುವ ಅಪಾಯವಿತ್ತು, ಅದಕ್ಕೇ ಕಡಿದೆವು. ಕಡಿದದ್ದು ಸೌದೆಯಾಗಿ ಮಾರಾಟವಾಯಿತು. ಆಮೇಲೆ ಒಂದೊಂದಾಗಿ ಉಳಿದವೂ ಹೋದವು. 1920ರ ದಶಕದ ಮಧ್ಯಕ್ಕೆ ಆ ದೈತ್ಯಮರಗಳಲ್ಲಿ ಒಂದೂ ಇರಲಿಲ್ಲ. ಬೇಲಿ ಹಾಕಿ ಕಾಸು ವಸೂಲು ಮಾಡಿದ ಪಾದ್ರಿಯ ಕೈಯಲ್ಲಿ ಉಳಿದ ಮರಗಳು ಎಲ್ಲರ ಸ್ವತ್ತಾದ ಮೇಲೆ ಉರುಳಿದವು. ಅಧ್ಯಕ್ಷರ ಹೆಸರು ಮಾತ್ರ ಈಗಲೂ ಪಕ್ಕದ ಬಡಾವಣೆಗಿದೆ, 2021ರಲ್ಲಿ ತೆರೆದ ರೈಲು ನಿಲ್ದಾಣಕ್ಕಿದೆ. ಇಂದು ನಾವು ತಲೆಯೆತ್ತಿ ನೋಡುವ ಫರ್, ಕೆಂಪು ಸೀಡರ್, ಮೇಪಲ್‌ಗಳು ಬಹುಪಾಲು ಎರಡನೆಯ ಫಸಲು. ಅವೂ ಎತ್ತರವೇ. ಆದರೆ ಹಿಂದಿನವನ್ನು ಫೋಟೊದಲ್ಲಿ ಕಂಡವರಿಗೆ ಮೆಚ್ಚುಗೆಯ ಜೊತೆಗೆ ಸ್ವಲ್ಪ ಸಿಟ್ಟೂ ಬರುತ್ತದೆ.

ನಡೆಯುತ್ತ ಹೋದಂತೆ ತಲೆಯ ಮೇಲೆ ಎರಡು ಸೇತುವೆಗಳು ಹಾಯುತ್ತವೆ. ಒಂದು 1936ರ ಕಾಂಕ್ರೀಟ್ ಕಮಾನು, ಅದರ ಮೇಲೆ ಕಾರು, ಬಸ್ಸು. ಇನ್ನೊಂದು 1913ರ ತೆಳ್ಳನೆಯ ಉಕ್ಕಿನ ಕಮಾನು. ಅದು 1975ರಿಂದ ವಾಹನಗಳಿಗೆ ಬಂದ್, ನಡೆಯುವವರಿಗೆ, ಸೈಕಲ್ಲಿನವರಿಗೆ ಮಾತ್ರ. ಮೇಲಿನಿಂದ ಕಾಡಿನ ತುದಿ ನೋಡಬೇಕೆಂದರೆ ಈ ಎರಡನೆಯದರ ಮೇಲೆ ಹೋಗಿ ನಿಲ್ಲಬೇಕು.

ಹಳ್ಳದ ಪಾಡು ಮರಗಳದಕ್ಕಿಂತ ಹೆಚ್ಚು ಸುತ್ತು ಬಳಸಿನದು. ಅದರ ತಲೆ ಮುಚ್ಚಿದ್ದು 1960ರ ಸುಮಾರಿಗೆ. ಪಕ್ಕದಲ್ಲಿ ಐ-5 ಹೆದ್ದಾರಿ ಕಟ್ಟುವಾಗ ಅಗೆದ ಮಣ್ಣನ್ನೆಲ್ಲ ತಂದು ಕಣಿವೆಯ ಮೇಲ್ತುದಿಗೆ ಸುರಿದರು. ಕೋವನ್ ಪಾರ್ಕಿನ ಆ ಚಂದದ ಬಯಲು ಈ ಮಣ್ಣಿನ ಮೇಲೆ ಹುಲ್ಲು ಹಾಸಿ ಮಾಡಿದ್ದು. ಹಳ್ಳದ ಬಾಲದ ಗತಿಯೂ ಕೆಟ್ಟಿತ್ತು. ಪಾರ್ಕಿನ ಕೆಳತುದಿ ಮುಟ್ಟಿದ ನೀರನ್ನು ಕೊಳವೆಗೆ ಇಳಿಸಿ ಒಳಚರಂಡಿಗೆ ಸೇರಿಸಿದ್ದರು. ಒರತೆಯ ತಿಳಿನೀರು ಊರಿನ ಕೊಳಚೆಯ ಜೊತೆ ಬೆರೆತು, ಮೈಲುಗಟ್ಟಲೆ ಹರಿದು, ಸಮುದ್ರದ ದಡದ ವೆಸ್ಟ್ ಪಾಯಿಂಟ್ ಶುದ್ಧೀಕರಣ ಘಟಕಕ್ಕೆ ಹೋಗುತ್ತಿತ್ತು. ಶುದ್ಧವಾಗಿಯೇ ಇದ್ದುದನ್ನು ಕೊಳೆ ಮಾಡಿ, ಮತ್ತೆ ಹಣ ಸುರಿದು ಶುದ್ಧ ಮಾಡುವುದು. ಇಂಥ ಜಾಣತನಕ್ಕೆ ದೇಶಭೇದವಿಲ್ಲ.

ಸುತ್ತಲಿನ ನಿವಾಸಿಗಳು 1990ರ ದಶಕದಲ್ಲಿ ಸಂಘ ಕಟ್ಟಿಕೊಂಡು ಬೆನ್ನುಹತ್ತಿದರು. ಹಳ್ಳವನ್ನು ಪೂರ್ತಿ ಬಯಲಿಗೆ ತಂದು ಸರೋವರದವರೆಗೆ ಹರಿಸಬೇಕೆಂಬುದು ಅವರ ಆಸೆ. ಅಷ್ಟು ಆಗಲಿಲ್ಲ. ನಡುವೆ ರಸ್ತೆ, ಅಂಗಡಿ, ವಾಹನ ನಿಲ್ಲಿಸುವ ಜಾಗ ಎಲ್ಲ ಬಂದು ಕೂತಿದ್ದವು. ಕೊನೆಗೆ 2006ರಲ್ಲಿ ಪಾರ್ಕಿನೊಳಗಿನ ಸುಮಾರು 650 ಅಡಿಯಷ್ಟು ಹಳ್ಳ ಕೊಳವೆಯಿಂದ ಬಿಡುಗಡೆಯಾಯಿತು. ಹೊಸ ಪಾತ್ರ ತೋಡಿ, ಅಂಕುಡೊಂಕು ಮಾಡಿ, ಕಲ್ಲು, ದಿಮ್ಮಿ ಇಟ್ಟು, ಸ್ಥಳೀಯ ಗಿಡ ನೆಟ್ಟರು. ಅಲ್ಲಿಂದ ಮುಂದಕ್ಕೆ ನೀರು ಕೊಳವೆಯಲ್ಲೇ ಹೋಗುತ್ತದೆ. ಆದರೆ ಒಳಚರಂಡಿಗಲ್ಲ, ವಾಷಿಂಗ್ಟನ್ ಸರೋವರದ ಯೂನಿಯನ್ ಬೇ ಕೊಲ್ಲಿಗೆ. ತೋಡಿದ ಭಾಗ ಯಾವುದು, ಹಳೆಯದು ಯಾವುದು ಎಂದು ನಡೆಯುವವರಿಗೆ ಈಗ ಗುರುತು ಹತ್ತುವುದಿಲ್ಲ. ಗೊತ್ತಿದ್ದವರು ತೋರಿಸಿದರೆ ಕಲ್ಲುಗಳ ಜೋಡಣೆಯಲ್ಲಿ ತುಸು ಹೆಚ್ಚಿನ ಅಚ್ಚುಕಟ್ಟು ಕಾಣುತ್ತದೆ, ಅಷ್ಟೇ.

ಹಾಗೆಂದು ಕೆಲಸ ಮುಗಿದಿಲ್ಲ. ಇಳಿಜಾರಿನ ಕೆಲವು ಮರಗಳ ಮೇಲೆ ಎದೆಯೆತ್ತರದಿಂದ ಆಚೆಗೆ ಒಣಗಿದ ಬಳ್ಳಿಯ ಜಾಲ ನೇತಾಡುವುದನ್ನು ನೋಡಬಹುದು. ಅದು ಯುರೋಪಿನಿಂದ ಬಂದ ಐವಿ. ಬಿಟ್ಟರೆ ಮರದ ತುದಿಗೇರಿ, ಭಾರ ಹೇರಿ ಉರುಳಿಸುತ್ತದೆ. ಸ್ವಯಂಸೇವಕರು ಕಾಂಡದ ಸುತ್ತ ಬಳ್ಳಿಯನ್ನು ಕತ್ತರಿಸಿ, ಕೆಳಗಿನದನ್ನು ಬೇರುಸಹಿತ ಕೀಳುತ್ತಾರೆ. ಮೇಲಿನದು ಮರದಲ್ಲೇ ಒಣಗಲೆಂದು ಬಿಡುತ್ತಾರೆ. ಇನ್ನೊಂದು ಪೀಡೆ ಹಿಮಾಲಯನ್ ಬ್ಲ್ಯಾಕ್‌ಬೆರಿ, ಬೆರಳು ಗಾತ್ರದ ಮುಳ್ಳುಬಳ್ಳಿ. ಲೂಥರ್ ಬರ್ಬ್ಯಾಂಕ್ ಎಂಬ ತಳಿತಜ್ಞ ಭಾರತದಿಂದ ತರಿಸಿದ ಬೀಜದಿಂದ ಬೆಳೆಸಿ, 1885ರಲ್ಲಿ ಹಿಮಾಲಯದ ಹೆಸರಿಟ್ಟು ಮಾರಿದ. ಗಿಡದ ಮೂಲ ಆರ್ಮೇನಿಯಾದ ಕಡೆಯದು. ಅಪವಾದ ನಮ್ಮ ಪರ್ವತಕ್ಕೆ. "ನಮ್ಮಲ್ಲಿ ಲಂಟಾನ ಇಲ್ವಾ, ಹಂಗೇ" ಎಂದರು ಅಮ್ಮ, ಮುಳ್ಳಿಗೆ ಸಿಕ್ಕ ಸೆರಗು ಬಿಡಿಸಿಕೊಳ್ಳುತ್ತ.

ಕಾಡಿನ ಕೊನೆಯಲ್ಲಿ ಹಳ್ಳ ಮತ್ತೆ ಕೊಳವೆಯೊಳಗೆ ಹೋಗುವ ಜಾಗವನ್ನು ಮುಚ್ಚಿಟ್ಟಿಲ್ಲ, ನೋಡಲು ಬಿಟ್ಟಿದ್ದಾರೆ. ಕೊಳವೆ ಹೋಗುವ ದಾರಿಯನ್ನು ಕಲಾವಿದರೊಬ್ಬರು ಫುಟ್‌ಪಾತಿನ ಮೇಲೆ ನೀಲಿ ಗುರುತುಗಳಲ್ಲಿ ತೋರಿಸಿದ್ದಾರೆ. ಅದನ್ನು ಹಿಡಿದು ಹೋದರೆ ಯೂನಿವರ್ಸಿಟಿ ವಿಲೇಜ್ ಎಂಬ ಅಂಗಡಿಸಂಕೀರ್ಣದ ಕಡೆಗೆ ಬರುತ್ತೇವೆ. 1916ರಲ್ಲಿ ಹಡಗುಕಾಲುವೆ ತೋಡಿದಾಗ ವಾಷಿಂಗ್ಟನ್ ಸರೋವರದ ನೀರು ಸುಮಾರು 9 ಅಡಿ ಇಳಿಯಿತು. ಅದಕ್ಕೆ ಮುಂಚೆ ಹಳ್ಳ ಸರೋವರ ಸೇರುತ್ತಿದ್ದುದು ಇಲ್ಲೇ ಎಲ್ಲೋ. ಹಳ್ಳದ ಬಾಯಲ್ಲಿ ಡುವಾಮಿಶ್ ಎಂಬ ಮೂಲನಿವಾಸಿ ಜನರ ಹಳ್ಳಿಯೂ ಇತ್ತು.

ರವೆನ್ನಾವನ್ನು ಕಾಡು ಎನ್ನುವುದು ಉತ್ಪ್ರೇಕ್ಷೆ, ಬರಿಯ ಪಾರ್ಕು ಎಂದರೆ ಅನ್ಯಾಯ. ಊರೊಂದು ಕೆಡಿಸಿದ್ದರಲ್ಲಿ ಒಂದಿಷ್ಟನ್ನು ಸರಿಮಾಡಿ, ಆಗದ್ದನ್ನು ಆಗಿಲ್ಲ ಎಂದೇ ನೆಲದ ಮೇಲೆ ಬರೆದಿಟ್ಟ ಜಾಗ ಇದು. ನನಗೆ ಇಷ್ಟವಾದದ್ದೂ ಅದೇ. ಮಕ್ಕಳ ಮನೆಗೆಂದು ಸಿಯಾಟಲ್‌ಗೆ ಹೋಗುವ ನಮ್ಮ ಹಿರಿಯರಿಗೆ ಸ್ಪೇಸ್ ನೀಡಲ್, ಸ್ನೋಕ್ವಾಲ್ಮಿ ಜಲಪಾತ ತೋರಿಸುವುದು ವಾಡಿಕೆ. ಜೊತೆಗೆ ಒಂದು ಬೆಳಿಗ್ಗೆಯನ್ನು ಇದಕ್ಕೂ ಎತ್ತಿಡಿ. ಕೋವನ್ ಕಡೆಯಿಂದ ಇಳಿದರೆ ಹಳ್ಳದ ಜೊತೆಗೇ ನಡೆಯಬಹುದು, ಮಂಡಿಗೂ ಹೆಚ್ಚು ಕಷ್ಟವಿಲ್ಲ. ಜಾರದ ಷೂ ಇರಲಿ. ಹಳದಿ ಹೂ ನೋಡಬೇಕೆಂದರೆ ಮಾರ್ಚ್ ಕೊನೆ, ಏಪ್ರಿಲ್ ಮೊದಲು ಒಳ್ಳೆಯದು. ಕೆಸುವಿನಂಥ ಆ ಎಲೆಗೆ ಮಾತ್ರ ಕೈ ಹಾಕಬೇಡಿ, ಸಿಯಾಟಲ್‌ನ ಪಾರ್ಕುಗಳಲ್ಲಿ ಗಿಡ ಕೀಳುವುದು ನಿಷಿದ್ಧ.